ಲಂಡನ್ ಯೂನಿವರ್ಸಿಟೀಲಿ ಜಪಾನ್ ಟಾಕ್, ಸ್ಟೂಡೆಂಟ್ ಆಗಿರ್ಬೇಕು ಅಂತೇನಿಲ್ಲ | ಸಂಜೆ ವ್ಲಾಗ್

ಇದು ರಸಲ್ ಸ್ಕ್ವೇರ್, ಆಫೀಸಿಂದ ಸೀದಾ ಬಂದಿದೀನಿ, ಗಾಳಿ ಸೌಂಡ್ ಸ್ವಲ್ಪ ಸಹಿಸ್ಕೊಳಿ. ಅಲ್ಲಿ ಕಾಣ್ತಿರೋದು ಸೋಆಸ್, ಏಷ್ಯಾ ಆಫ್ರಿಕಾ ಬಗ್ಗೆ ಕಲಿಸೋ ಕಾಲೇಜು, ಲಂಡನ್ ಯೂನಿವರ್ಸಿಟಿದು, 1916ರಲ್ಲಿ ಶುರುವಾಗಿದ್ದು. ಇಲ್ಲಿನ ಜಪಾನ್ ರಿಸರ್ಚ್ ಸೆಂಟರ್‌ನೋರು ಇತಿಹಾಸ, ಸಿನಿಮಾ, ರಾಜಕೀಯ ಅಂತ ಟಾಕ್ಸ್ ಇಡ್ತಿರ್ತಾರೆ, ನಮ್ಮಂಥೋರೂ ಹೋಗಿ ಕೂತ್ಕೋಬಹುದು.

ಲಂಡನ್‌ಗೂ ಜಪಾನೀಸ್‌ಗೂ ಏನು ನಂಟು ಅಂತೀರಾ? ಎರಡನೇ ಮಹಾಯುದ್ಧ, ಆಗ ಜಪಾನ್ ಬ್ರಿಟನ್ನಿನ ಶತ್ರು. ಆ ಭಾಷೆ ಬಲ್ಲೋರು ಬ್ರಿಟಿಷರ ಹತ್ರ ಸಾಕಾಗಷ್ಟು ಇರ್ಲಿಲ್ಲ, 1942ರಲ್ಲಿ ಸ್ಕೂಲ್ ಹುಡುಗರನ್ನ ಆರಿಸಿ ಲಂಡನ್ನಿನದೇ ಡಲ್ಲಿಚ್ ಕಾಲೇಜ್ ಅನ್ನೋ ಸ್ಕೂಲಲ್ಲಿ ಉಳಿಸ್ಕೊಂಡು ಸೋಆಸಲ್ಲಿ ಕಲ್ಸಿದ್ರು. ಶತ್ರುವಿನ ಭಾಷೆ ಅಂತ ಕಲಿತೋರಲ್ಲಿ ಕೆಲವ್ರು ಆಮೇಲೆ ಜಪಾನ್ ಓದೋದ್ರಲ್ಲೇ ಜೀವನ ಕಳೆದ್ರು, ಸಮಾಜಶಾಸ್ತ್ರಜ್ಞ ರೊನಾಲ್ಡ್ ಡೋರ್ ಅವರಲ್ಲೊಬ್ರು.

ಈ ಶಾಟ್ ಸೋಆಸಿನದೇ ಬ್ರೂನೈ ಗ್ಯಾಲರಿ ಟೆರೇಸ್ ಮೇಲಿನ ಜಪಾನೀಸ್ ತೋಟ, 2001ರದ್ದು, ಕ್ಷಮೆಗೆ ಅರ್ಪಿಸಿದಾರೆ. ಹಾಗೇ ನೋಡ್ತಿರಿ, ನಾನೊಂದು ಮಾತು ಹೇಳ್ಬೇಕು.

ಇಂಥ ಟಾಕ್ಸ್‌ಗೆ ಕೊಡೋ ಫ್ರೀ ಟಿಕೆಟ್ ವಿಷ್ಯ. ಹೋದ ತಿಂಗಳು ಬೇರೆ ಕಡೆ ಒಂದು ಟಾಕ್ ಇತ್ತು, ನನ್ ಫ್ರೆಂಡ್‌ಗೆ ಬರ್ಲೇಬೇಕು ಅಂತ ಆಸೆ, ಆನ್‌ಲೈನಲ್ಲಿ ನೋಡಿದ್ರೆ ಫುಲ್, ವೇಟಿಂಗ್ ಲಿಸ್ಟ್, ಅವ್ಳು ಬೇಜಾರಾಗಿ ಮನೇಲೇ ಉಳಿದ್ಲು, ನಾನು ಒಳಗ್ ಹೋಗಿ ನೋಡ್ತೀನಿ ಹಿಂದಿನ ಸಾಲು ಸಾಲೇ ಖಾಲಿ! ದುಡ್ಡು ಕೊಡೋದಿಲ್ವಲ್ಲ ಅಂತ ಬುಕ್ ಮಾಡಿಬಿಡೋದು, ಮಳೆ ಬಂದ್ರೆ ಬರೋದೇ ಇಲ್ಲ, ಕ್ಯಾನ್ಸಲ್ ಮಾಡೋಕೆ ಒಂದು ನಿಮಿಷ ಸಾಕಲ್ವಾ? ಮಾತಾಡೋರು ವರ್ಷಗಟ್ಲೆ ಹಳೇ ಕಾಗದ ಓದಿ ಬಂದಿರ್ತಾರೆ, ಖಾಲಿ ಕುರ್ಚಿ ನೋಡಿದ್ರೆ ಅವ್ರಿಗೆ ಹೇಗಾಗ್ಬೇಡ. ಟಿಕೆಟ್‌ಗೆ ಎರಡು ಪೌಂಡ್ ತಗೊಳ್ಲಿ ಅನ್ನೋದು ನನ್ ಅಭಿಪ್ರಾಯ, ಆಗ ಬುದ್ಧಿ ಬರುತ್ತೆ. ಸರಿ, ಬಾಗಿಲು ತೆಗೆದ್ರು, ಒಳಗೆ ಶೂಟ್ ಮಾಡಲ್ಲ.

ಮುಗೀತು, ಸ್ಟೇಷನ್ ಕಡೆ ಹೊರಟಿದೀನಿ. ಇವತ್ತಿನ ವಿಷ್ಯ ದೆಜಿಮಾ, ನಾಗಸಾಕಿಯ ಬೀಸಣಿಗೆ ಆಕಾರದ ಪುಟ್ಟ ದ್ವೀಪ. ಜಪಾನಿನ ಆಡಳಿತದೋರು ವ್ಯಾಪಾರಕ್ಕೆ ಬಂದಿದ್ದ ಡಚ್ಚರನ್ನ 1641ರಲ್ಲಿ ಅಲ್ಲಿಗೆ ಕಳ್ಸಿ ಕಾವಲಿಟ್ರು, ಬೇರೆ ಯುರೋಪಿಯನ್ನರಿಗೆ ವ್ಯಾಪಾರಕ್ಕೆ ಪ್ರವೇಶನೇ ಇಲ್ಲ. ಆದ್ರೆ ಆ ಹಡಗುಗಳಲ್ಲಿ ಹೋಗ್ತಿದ್ದಿದ್ದು ಏನು ಗೊತ್ತಾ, ನಮ್ ಪಕ್ಕದ ಕೋರಮಂಡಲ ತೀರದ ಹತ್ತಿ ಬಟ್ಟೆ! ಒಂದು ಸ್ಲೈಡ್ ಇತ್ತು, ಆ ಬಟ್ಟೆಯ ಬೆಂಕಿಪೊಟ್ಟಣದಷ್ಟೇ ಅಗಲದ ಚೂರುಗಳನ್ನ ಆಲ್ಬಮಲ್ಲಿ ಅಂಟಿಸಿದಾರೆ, ಒಂದು ಚೂರಲ್ಲಿ ಅರ್ಧ ಹೂವು, ಬೇರಿಂದ ತೆಗೆದ ಕೆಂಪು ಬಣ್ಣ ಇನ್ನೂ ಮಾಸಿಲ್ಲ. ಇಂಥ ಬಟ್ಟೆನ ಜಪಾನೀಸಲ್ಲಿ 'ಸರಸ' ಅಂತಾರೆ, ಚಹಾ ಪಾತ್ರೆಗಳಿಗೆ ಚೀಲ ಹೊಲಿಯೋಕೂ ಬಳಸ್ತಿದ್ರು. ಆಂಧ್ರದಲ್ಲೋ ತಮಿಳುನಾಡಲ್ಲೋ ಯಾರೋ ನದೀಲಿ ಒಗೆದು ಒಣಗಿಸಿದ ಬಟ್ಟೆ, ಅದರ ಚೂರನ್ನೂ ಜಪಾನಿನೋರು ಬಿಸಾಕ್ಲಿಲ್ಲ, ನನಗೆ ಮೈ ಜುಮ್ ಅಂತು.

ಹಾಂ, ಎರಡು ಪೌಂಡ್ ಮಾತು ವಾಪಸ್ ತಗೋತೀನಿ. ಪಕ್ಕದಲ್ಲಿ ಒಬ್ರು ಅಜ್ಜಿ ಕೂತಿದ್ರು, ಪೆನ್ಷನ್‌ದಾರರು, ಎಲ್ಲಾ ಟಾಕ್‌ಗೂ ಬರ್ತಾರಂತೆ, ನೋಟ್‌ಬುಕ್ ತುಂಬಾ ಬರ್ಕೊಂಡಿದಾರೆ. ಫ್ರೀಯಾಗೇ ಇರ್ಲಿ, ಬುಕ್ ಮಾಡಿ ಬರದೇ ಇರೋರನ್ನ ಮುಂದಿನ ಸಲ ಲಿಸ್ಟಿಂದ ತೆಗೀಲಿ.

ತಾಮ್ರದ ವಿಷ್ಯ ಹೇಳ್ಲೇ ಇಲ್ವಲ್ಲ, ಬಟ್ಟೆ ಅಲ್ಲಿಗೆ ಹೋದ್ರೆ ಜಪಾನಿನ ತಾಮ್ರ ಡಚ್ಚರ ಹಡಗಲ್ಲೇ ಕೋರಮಂಡಲಕ್ಕೆ ಬರ್ತಿತ್ತು, ಅದ್ರಿಂದ ನಾಣ್ಯನೂ ಹೊಡೀತಿದ್ರು, ಟ್ರೈನ್ ಬಂತು, ಬರ್ತೀನಿ.