ಟುಟು: ಕುಣಿಯುವವರ ಕೆಲಸದ ಬಟ್ಟೆ

ನಮಸ್ಕಾರ. ಇವತ್ತಿನ ವಿಡಿಯೋ ಪೂರ್ತಿ ಒಂದೇ ಬಟ್ಟೆಯ ಬಗ್ಗೆ. ಟುಟು. ಬ್ಯಾಲೆ ಕುಣಿಯುವವರ ಆ ನೆಟ್ ಲಂಗ.

ಟುಟು ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ಮೊದಲ ವರ್ಷದ ಹುಟ್ಟುಹಬ್ಬದ ಗುಲಾಬಿ ಫ್ರಾಕ್ ನೆನಪಾಗುತ್ತದೆ. ಮುದ್ದಾದ ಬಟ್ಟೆ, ಫೋಟೋಗೆ ಹೇಳಿ ಮಾಡಿಸಿದ ಹಾಗೆ ಇರುತ್ತದೆ. ನಾನು ಮಾತ್ರ ಇದನ್ನು ಕೆಲಸದ ಬಟ್ಟೆ ಅಂತಲೇ ನೋಡುತ್ತೇನೆ. ನಾಟಿಗೆ ಗದ್ದೆಗೆ ಇಳಿಯುವ ಹೆಂಗಸರು ಸೀರೆ ಎತ್ತಿ ಕಟ್ಟುತ್ತಾರಲ್ಲ, ಅದೇ ಥರ ಬ್ಯಾಲೆ ಹೆಂಗಸರು ಕಾಲಿನ ಕೆಲಸಕ್ಕಾಗಿ ಲಂಗವನ್ನು ಎತ್ತುತ್ತಾ ಬಂದರು. ಒಂದು ದಿನದಲ್ಲಲ್ಲ, ಸುಮಾರು ಇನ್ನೂರು ವರ್ಷದಲ್ಲಿ.

ಶುರು ಪ್ಯಾರಿಸ್‌ನಲ್ಲಿ. 1730ರ ದಶಕದಲ್ಲಿ ಅಲ್ಲಿನ ಒಪೆರಾ ಅನ್ನುವ ದೊಡ್ಡ ರಂಗಮಂದಿರದಲ್ಲಿ ಮರೀ ಕಮಾರ್ಗೋ ಅನ್ನುವ ನರ್ತಕಿ ಇದ್ದಳು. ನೆಗೆದು ಗಾಳಿಯಲ್ಲೇ ಪಾದಗಳನ್ನು ಅದಲುಬದಲು ಮಾಡುವುದು ಅಲ್ಲಿಯವರೆಗೆ ಗಂಡಸರ ಕಸುಬಾಗಿತ್ತು. ಕಮಾರ್ಗೋ ಅದನ್ನು ಮಾಡಿದಳು. ಆದರೆ ನೆಲ ಮುಟ್ಟುವ ಲಂಗದೊಳಗೆ ಮಾಡಿದರೆ ಯಾರಿಗೆ ಕಾಣಬೇಕು? ಲಂಗವನ್ನು ಪಾದದ ಗಂಟಿನ ಮೇಲಕ್ಕೆ ಏರಿಸಿದಳು. ಅಷ್ಟಕ್ಕೇ ಊರೆಲ್ಲ ಗುಲ್ಲು.

ಆಮೇಲೆ ಬಂದದ್ದು ಒಂದು ಯಂತ್ರ. ಇದನ್ನು ಜಾಸ್ತಿ ಜನ ಹೇಳುವುದಿಲ್ಲ. 1809ರಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ನೆಟ್ ಬಟ್ಟೆ ನೇಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಇಂಥ ಜಾಲರಿಯನ್ನು ಕೈಯಲ್ಲೇ ಮಾಡಬೇಕಿತ್ತು, ಬೆಲೆಯೂ ಕೈಗೆ ಎಟುಕುತ್ತಿರಲಿಲ್ಲ. 1816ರಲ್ಲಿ ಯಂತ್ರಗಳ ವಿರುದ್ಧ ಎದ್ದಿದ್ದ ಲಡೈಟ್ ಗುಂಪಿನ ಕೆಲಸಗಾರರು ಲಫ್‌ಬರೋ ಊರಿನಲ್ಲಿದ್ದ ಅವನ ಕಾರ್ಖಾನೆಗೆ ನುಗ್ಗಿ ಮಗ್ಗಗಳನ್ನು ಪುಡಿ ಮಾಡಿದರು. ಅವನು ದೂರದ ಟಿವರ್ಟನ್‌ಗೆ ಹೋಗಿ ಮತ್ತೆ ಶುರು ಮಾಡಿದ. ಪದರದ ಮೇಲೆ ಪದರ ನೆಟ್ ಹಾಕಿ ಲಂಗ ಹೊಲಿಯುವುದು ಸಾಧ್ಯವಾದದ್ದು ಇಂಥ ಯಂತ್ರಗಳಿಂದ.

ಈಗ 1832ರ ಮಾರ್ಚ್ 12. ಪ್ಯಾರಿಸ್ ಒಪೆರಾದಲ್ಲಿ ‘ಲಾ ಸಿಲ್ಫೀದ್’. ಗಾಳಿಯಲ್ಲಿ ಓಡಾಡುವ ಕಿನ್ನರಿಯೊಬ್ಬಳ ಕಥೆ. ಕಿನ್ನರಿಯಾಗಿ ಕುಣಿದವಳು ಮರೀ ತಾಲ್ಯೋನಿ, ನೃತ್ಯ ಸಂಯೋಜನೆ ಅವಳ ಅಪ್ಪ ಫಿಲಿಪ್ಪೋ ತಾಲ್ಯೋನಿಯದು. ಬಿಗಿಯಾದ ಮೇಲಂಗಿ, ತೆರೆದ ಭುಜ, ಮೊಣಕಾಲಿನ ಕೆಳಗಿನ ತನಕ ಗಂಟೆಯ ಆಕಾರದಲ್ಲಿ ಇಳಿದ ಬಿಳಿ ಲಂಗ. ಗ್ಯಾಸ್ ದೀಪದ ಬೆಳಕಿನಲ್ಲಿ ಆ ಬಿಳುಪು ಬೆಳದಿಂಗಳ ಹಾಗೆ ಕಂಡಿರಬೇಕು. ಇವತ್ತು ರೊಮ್ಯಾಂಟಿಕ್ ಟುಟು ಅಂತ ಕರೆಯುವುದು ಇದೇ ಮಾದರಿಯನ್ನು.

ಜನ ಬಟ್ಟೆ ನೋಡಿ ಮರುಳಾದರು. ನನಗೆ ಆ ಬಟ್ಟೆಗಿಂತ ಅದರ ಕೆಳಗಿನ ಪಾದ ಮುಖ್ಯ. ವಿಯೆನ್ನಾದಲ್ಲಿ ಅಪ್ಪ ಅವಳನ್ನು ದಿನಕ್ಕೆ ಆರು ಗಂಟೆ ದುಡಿಸಿದ್ದ. ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಈಗಿನ ಪಾಯಿಂಟ್ ಶೂಗಳಲ್ಲಿ ಬೆರಳಿಗೆ ಆಸರೆಯಾಗಿ ಗಟ್ಟಿ ತುದಿ ಇರುತ್ತದೆ. ತಾಲ್ಯೋನಿ ಹಾಕಿಕೊಂಡದ್ದು ಮೆತ್ತನೆಯ ಸ್ಯಾಟಿನ್ ಚಪ್ಪಲಿ. ಅಂಚಿಗೆ ದಾರದಿಂದ ಒತ್ತಾಗಿ ಹೊಲಿಗೆ ಹಾಕಿ ಸ್ವಲ್ಪ ಗಟ್ಟಿ ಮಾಡಿಕೊಳ್ಳುತ್ತಿದ್ದಳು, ಅಷ್ಟೇ. ಅದರಲ್ಲೇ ಬೆರಳ ತುದಿಯ ಮೇಲೆ ನಿಂತಳು. ಲಂಗ ಮೇಲೆ ಹೋಗಿದ್ದು ಆ ನಿಲುವು ಕಾಣಲಿ ಅಂತ.

ಇಲ್ಲಿಂದ ಮುಂದಿನದು ಹೇಳುವಾಗ ನನಗೆ ಸಂಕಟವಾಗುತ್ತದೆ.

ಹಗುರವಾದ ಹತ್ತಿ ನೆಟ್, ಪದರಗಳ ನಡುವೆ ಗಾಳಿ, ವೇದಿಕೆಯಲ್ಲಿ ಉರಿಯುವ ಗ್ಯಾಸ್ ದೀಪ. ಏನಾಗುತ್ತದೆ ಅಂತ ಊಹಿಸಬಹುದು. 1844ರಲ್ಲಿ ಲಂಡನ್ನಿನ ಡ್ರೂರಿ ಲೇನ್ ಥಿಯೇಟರಿನಲ್ಲಿ ಕ್ಲಾರಾ ವೆಬ್‌ಸ್ಟರ್ ಕುಣಿಯುತ್ತಿರುವಾಗಲೇ ಬಟ್ಟೆಗೆ ಬೆಂಕಿ ತಗುಲಿತು. ಆಕೆ ಉಳಿಯಲಿಲ್ಲ. 1861ರಲ್ಲಿ ಫಿಲಡೆಲ್ಫಿಯಾದ ಥಿಯೇಟರೊಂದರಲ್ಲಿ ಒಬ್ಬಳ ಬಟ್ಟೆಗೆ ಹತ್ತಿದ ಬೆಂಕಿ ಸಹಾಯಕ್ಕೆ ಓಡಿ ಬಂದವರಿಗೂ ಹರಡಿ ಹಲವು ನರ್ತಕಿಯರು ಸತ್ತರು.

ಮತ್ತೆ ಎಮ್ಮಾ ಲಿವ್ರಿ. ಹದಿನಾರನೇ ವಯಸ್ಸಿಗೆ ಪ್ಯಾರಿಸ್ ಒಪೆರಾದಲ್ಲಿ ‘ಲಾ ಸಿಲ್ಫೀದ್’ ಮಾಡಿ ಹೆಸರಾದ ಹುಡುಗಿ. ವಯಸ್ಸಾಗಿದ್ದ ತಾಲ್ಯೋನಿ ಅವಳ ಕುಣಿತ ನೋಡಿ ತಾನೇ ಗುರುವಾಗಿ ನಿಂತಳು. ಅವಳಿಗಾಗಿಯೇ 1860ರಲ್ಲಿ ‘ಲೆ ಪಾಪಿಯೋಂ’ ಅಂತ ಬ್ಯಾಲೆ ಕಟ್ಟಿದಳು. ಸಂಗೀತ ಆಫೆನ್‌ಬಾಕ್‌ನದು. ಕಥೆಯಲ್ಲಿ ಚಿಟ್ಟೆಯಾದ ಹುಡುಗಿಯ ರೆಕ್ಕೆ ಪಂಜಿನ ಬೆಂಕಿಗೆ ಸುಡುತ್ತದೆ. ಎರಡು ವರ್ಷ ಕಳೆದು, 1862ರ ನವೆಂಬರ್ 15ರಂದು, ಬೇರೊಂದು ಸಂಗೀತ ನಾಟಕದ ತಾಲೀಮಿನಲ್ಲಿ ಎಮ್ಮಾಳ ಲಂಗ ಗ್ಯಾಸ್ ದೀಪಕ್ಕೆ ತಾಗಿತು. ಎಂಟು ತಿಂಗಳು ನರಳಿ 1863ರ ಜುಲೈಯಲ್ಲಿ ತೀರಿಕೊಂಡಳು.

ಬೆಂಕಿ ಹತ್ತದಂತೆ ಬಟ್ಟೆಯನ್ನು ರಾಸಾಯನಿಕದಲ್ಲಿ ಅದ್ದುವ ವಿಧಾನ ಆಗಲೇ ಇತ್ತು. ಫ್ರಾನ್ಸಿನಲ್ಲಿ 1859ರಲ್ಲೇ ಆದೇಶವೂ ಆಗಿತ್ತು. ಎಮ್ಮಾ ಒಪ್ಪಿರಲಿಲ್ಲ. ಅದ್ದಿದ ಬಟ್ಟೆ ಸೆಟೆದುಕೊಳ್ಳುತ್ತಿತ್ತು, ಮಾಸಲಾಗುತ್ತಿತ್ತು, ತೇಲುತ್ತಿರಲಿಲ್ಲ. ಇದನ್ನು ಸೊಗಸಿನ ಹುಚ್ಚು ಅಂತ ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಅವಳಿಂದ ಎಲ್ಲರೂ ಕೇಳುತ್ತಿದ್ದದ್ದೇ ತೇಲುವುದನ್ನು. ತೇಲುವ ಬಟ್ಟೆಯನ್ನು ಬಿಟ್ಟುಕೊಡು ಅಂತ ಇಪ್ಪತ್ತು ವರ್ಷದ ಹುಡುಗಿಯ ಮೇಲೆ ಜವಾಬ್ದಾರಿ ಹಾಕುವ ಬದಲು ದೀಪಗಳಿಗೆ ಸರಿಯಾದ ತಡೆ ಹಾಕಬೇಕಿತ್ತು. ಸುಟ್ಟು ಉಳಿದ ಅವಳ ಬಟ್ಟೆಯ ಚೂರುಗಳು ಪ್ಯಾರಿಸ್ ಒಪೆರಾದ ಮ್ಯೂಸಿಯಂನಲ್ಲಿವೆ.

ಆ ಕಾಲದ ಒಪೆರಾ ಹುಡುಗಿಯರಲ್ಲಿ ಹೆಚ್ಚಿನವರು ಬಡವರ ಮನೆಯವರು. ಹಣವಂತ ಚಂದಾದಾರರು ಪರದೆಯ ಹಿಂದೆ ಬಂದು ಅವರ ಸುತ್ತ ಸುಳಿಯುತ್ತಿದ್ದರು. ಫ್ರಾನ್ಸಿನ ಚಿತ್ರಕಾರ ದೆಗಾ ಬರೆದ ಚಿತ್ರಗಳಲ್ಲಿ ಮೂಲೆಯಲ್ಲಿ ಕಪ್ಪು ಕೋಟಿನ ಗಂಡಸರು ನಿಂತಿರುತ್ತಾರಲ್ಲ, ಅವರೇ. 1881ರಲ್ಲಿ ದೆಗಾ ಪ್ರದರ್ಶನಕ್ಕಿಟ್ಟ ಹದಿನಾಲ್ಕು ವರ್ಷದ ನರ್ತಕಿಯ ಮೇಣದ ಮೂರ್ತಿಗೆ ನಿಜವಾದ ಬಟ್ಟೆಯ ಲಂಗ ತೊಡಿಸಿದ್ದ. ಅದಕ್ಕೆ ಮಾದರಿಯಾಗಿ ನಿಂತ ಮರೀ ವಾನ್ ಗೋಥೆಮ್ ಬಟ್ಟೆ ಒಗೆಯುವವಳ ಮಗಳು.

ಲಂಗವನ್ನು ಮೊಣಕಾಲಿನ ಮೇಲೆ ಒಯ್ದವರು ಇಟಲಿಯ ನರ್ತಕಿಯರು. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಬಂದ ವರ್ಜೀನಿಯಾ ಜುಕ್ಕಿ ತನಗೆ ಗಿಡ್ಡ ಲಂಗವೇ ಬೇಕು ಅಂತ ಹಟ ಹಿಡಿದಳು. 1895ರ ‘ಸ್ವಾನ್ ಲೇಕ್’ ಬ್ಯಾಲೆಯಲ್ಲಿ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತು ಹೊಡೆದಳು. ಉದ್ದ ಲಂಗದಲ್ಲಿ ಇದು ಅರ್ಧವೂ ಕಾಣುವುದಿಲ್ಲ. ಆಮೇಲಿನ ಕಾಲದಲ್ಲಿ ಸೊಂಟದಿಂದ ನೇರವಾಗಿ ಅಡ್ಡ ಚಾಚುವ, ತಟ್ಟೆಯಷ್ಟು ಚಪ್ಪಟೆ ಟುಟು ಬಂತು.

ಹೊಲಿಗೆ ಗೊತ್ತಿರುವವರು ಇಲ್ಲಿ ಗಮನ ಕೊಡಿ. ಈ ಟುಟುವಿನ ಬುಡ ಒಂದು ನಿಕ್ಕರ್. ನೆರಿಗೆ ಹಿಡಿದ ನೆಟ್ ಪಟ್ಟಿಗಳನ್ನು ಅದರ ಮೇಲೇ ಸಾಲಾಗಿ ಹೊಲಿಯುತ್ತಾರೆ. ಕೆಳಗಿನ ಪಟ್ಟಿ ಎಲ್ಲಕ್ಕಿಂತ ಗಿಡ್ಡ, ಮೇಲಿನದು ಅಗಲ. ಹತ್ತು ಹನ್ನೆರಡು ಪದರ ಮಾಮೂಲು. ನಡುವಿನ ಒಂದು ಪದರದಲ್ಲಿ ತೆಳು ತಂತಿಯ ಬಳೆ ಓಡಿಸುತ್ತಾರೆ. ಪದರಗಳು ದಿಕ್ಕಾಪಾಲಾಗದಂತೆ ಕೈಯಲ್ಲಿ ಸಡಿಲವಾಗಿ ಟಾಕಾ ಹಾಕುತ್ತಾರೆ. ಬೆನ್ನಿಗೆ ಹುಕ್ಕುಗಳ ಎರಡು ಮೂರು ಸಾಲು, ಯಾಕೆಂದರೆ ಒಂದೇ ಬಟ್ಟೆಯನ್ನು ಬೇರೆ ಬೇರೆ ಅಳತೆಯವರು ಹಾಕಿಕೊಳ್ಳಬೇಕು. ಒಗೆಯಲು ಆಗುವುದಿಲ್ಲ, ಬೆವರಿನ ವಾಸನೆಗೆ ವೋಡ್ಕಾ ಚಿಮುಕಿಸುತ್ತಾರೆ. ಇಡುವುದು ತಲೆಕೆಳಗಾಗಿ, ಪದರ ಜೋತು ಬೀಳಬಾರದಲ್ವಾ.

ತಂತಿಯ ಟುಟುಗೆ ಒಂದು ತೊಂದರೆ. ಪಕ್ಕದವರಿಗೆ ತಾಗಿದರೆ ಇಡೀ ತಟ್ಟೆ ವಾಲುತ್ತದೆ. ನ್ಯೂಯಾರ್ಕಿನಲ್ಲಿ ನೃತ್ಯ ಸಂಯೋಜಕ ಬಾಲಂಚಿನ್ ಜೊತೆ ಕೆಲಸ ಮಾಡಿದ, ಉಡುಪು ತಯಾರಿಸುವ ಬಾರ್ಬರಾ ಕರಿನ್ಸ್ಕಾ 1950ರಲ್ಲಿ ‘ಸಿಂಫನಿ ಇನ್ ಸಿ’ ಬ್ಯಾಲೆಗೆ ತಂತಿಯನ್ನೇ ತೆಗೆದುಹಾಕಿದಳು. ಆರೇಳು ಗಿಡ್ಡ ಪದರ, ಮೆತ್ತಗೆ ಉಬ್ಬಿ ನಿಲ್ಲುವ ಲಂಗ. ಹೆಸರು ಪೌಡರ್ ಪಫ್ ಟುಟು. ನನ್ನ ಪ್ರಕಾರ ಟುಟು ಹೊಲಿದವರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಫ್ಯಾಷನ್ ಲೋಕ ಈ ಬಟ್ಟೆಯನ್ನು ಯಾಕೆ ಬಿಡುತ್ತಿಲ್ಲ? ದೊಡ್ಡ ಲಂಗಗಳು ಸಾಮಾನ್ಯವಾಗಿ ಕಾಲನ್ನು ಕಟ್ಟಿಹಾಕುತ್ತವೆ. 1947ರಲ್ಲಿ ಪ್ಯಾರಿಸ್‌ನ ವಿನ್ಯಾಸಕ ಡಿಯೋರ್ ತಂದ ಆ ಸಣ್ಣ ಸೊಂಟದ, ಅಗಲ ಲಂಗದ ಉಡುಪುಗಳು ಬ್ಯಾಲೆಯನ್ನು ನೆನಪಿಸುತ್ತವೆ ನಿಜ, ಆದರೆ ಎಷ್ಟು ಭಾರ! ಟುಟು ಜಾಗ ಪೂರ್ತಿ ಹಿಡಿಯುತ್ತದೆ, ಕಾಲನ್ನು ಮಾತ್ರ ಬಿಟ್ಟುಬಿಡುತ್ತದೆ. ಎರಡೂ ಒಟ್ಟಿಗೆ ಕೊಡುವ ಬಟ್ಟೆ ನನಗೆ ಬೇರೆ ಗೊತ್ತಿಲ್ಲ. 1998ರಲ್ಲಿ ‘ಸೆಕ್ಸ್ ಅಂಡ್ ದ ಸಿಟಿ’ ಸೀರಿಯಲ್ಲಿನ ಶುರುವಿಗೆ ವಸ್ತ್ರ ವಿನ್ಯಾಸಕಿ ಪೆಟ್ರೀಷಿಯಾ ಫೀಲ್ಡ್ ಐದು ಡಾಲರಿನ ಬಿಳಿ ಟುಟು ಆರಿಸಿದಳು. ನ್ಯೂಯಾರ್ಕ್ ಬೀದಿಯಲ್ಲಿ ಅದನ್ನು ಹಾಕಿಕೊಂಡು ನಾಯಕಿ ಬಿರಬಿರನೆ ನಡೆಯುತ್ತಾಳೆ. ಅಂಥದ್ದೇ ಒಂದು 2024ರಲ್ಲಿ 52,000 ಡಾಲರಿಗೆ ಹರಾಜಾಯಿತು. ಅಲ್ಲಿ ಅದು ನಡೆಯುವವಳ ಬಟ್ಟೆ, ಅದಕ್ಕೇ ನನಗೆ ಇಷ್ಟ.

ನಮ್ಮ ಕಡೆಗೂ ಒಂದು ಎಳೆ ಇದೆ. ‘ಡೈಯಿಂಗ್ ಸ್ವಾನ್’ ನೃತ್ಯದ ಬಿಳಿ ಟುಟುವಿನಿಂದ ಜಗತ್ತಿಗೆಲ್ಲ ಪರಿಚಿತಳಾದ ರಷ್ಯಾದ ನರ್ತಕಿ ಅನ್ನಾ ಪಾವ್ಲೋವಾ ಭಾರತಕ್ಕೂ ಬಂದು ಕುಣಿದಿದ್ದಳು. ಮುಂದೆ ಭರತನಾಟ್ಯದಲ್ಲಿ ದೊಡ್ಡ ಹೆಸರಾದ ರುಕ್ಮಿಣೀ ದೇವಿ ಅರುಂಡೇಲ್ ಬ್ಯಾಲೆ ಕಲಿಯಲು ತೊಡಗಿದ್ದು ಅವಳ ಸ್ನೇಹದಿಂದ. ನಿನ್ನ ನಾಡಿನ ನೃತ್ಯವನ್ನು ಹುಡುಕು ಅಂತ ಪಾವ್ಲೋವಾ ಹುರಿದುಂಬಿಸಿದಳು. ಮುಂದಿನದು ಭರತನಾಟ್ಯದ ಚರಿತ್ರೆ.

ಇನ್ನೊಂದು ಮಾತು. ಟುಟು ಜೊತೆ ಬರುವ ಗುಲಾಬಿ ಟೈಟ್ಸ್ ಬಿಳಿ ಮೈಬಣ್ಣಕ್ಕೆ ಮಾಡಿದ್ದು. 1969ರಲ್ಲಿ ಆರ್ಥರ್ ಮಿಚೆಲ್ ಮತ್ತು ಕಾರೆಲ್ ಶೂಕ್ ನ್ಯೂಯಾರ್ಕಿನಲ್ಲಿ ಕಪ್ಪು ನರ್ತಕರಿಗಾಗಿ ಕಟ್ಟಿದ ಬ್ಯಾಲೆ ತಂಡ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್‌ನವರು ಆಮೇಲೆ ಟೈಟ್ಸ್, ಶೂ ಎರಡನ್ನೂ ಅವರವರ ಮೈಬಣ್ಣಕ್ಕೆ ಹೊಂದಿಸಿಕೊಂಡರು. ಬ್ಯಾಲೆ ಕ್ಲಾಸಿಗೆ ಮಗಳನ್ನು ಸೇರಿಸಿರುವ ಅಪ್ಪ ಅಮ್ಮಂದಿರೇ, ಕಂದು ಬಣ್ಣದ ಟೈಟ್ಸ್ ಕೇಳಿ. ಸಿಗುತ್ತದೆ.

ನೋಡಲು ಶುರು ಮಾಡುವವರು ಮೊದಲು ‘ಜಿಸೆಲ್’ ಬ್ಯಾಲೆಯ ಎರಡನೇ ಅಂಕ ನೋಡಿ, ಅದರಲ್ಲಿ ಉದ್ದ ಲಂಗ. ಆಮೇಲೆ ‘ಸ್ವಾನ್ ಲೇಕ್’ನ ಆ 32 ಸುತ್ತು. ಆಗ ಮುಖ ಬಿಟ್ಟು ಮೊಣಕಾಲು ನೋಡಿ.