ವಿಸ್ಪರ್‌ಟರ್ಮಿನೆನ್: ದ್ರಾಕ್ಷಿಗಿಂತ ಮೊದಲು ಗೋಡೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಅರ್ಧ ಜನ ಸ್ವಿಟ್ಜರ್ಲೆಂಡಿನ ಝೆರ್ಮಾಟ್‌ಗೆ ಹೋಗಿ ಬಂದವರು, ಉಳಿದವರು ಹೋಗಬೇಕು ಅಂತಿರುವವರು. ಹಾಗಾಗಿ ಅಲ್ಲಿಯ ಮ್ಯಾಟರ್‌ಹಾರ್ನ್ ಶಿಖರದ ಬಗ್ಗೆ ನಾನು ಮಾತಾಡುವುದಿಲ್ಲ, ಅದರ ಫೋಟೋ ನಿಮ್ಮ ಫೋನಲ್ಲೇ ಬೇಕಾದಷ್ಟಿದೆ. ಝೆರ್ಮಾಟ್‌ಗೆ ಹೋಗುವಾಗ ಕೆಳಗಿನ ವಿಸ್ಪ್ ಪಟ್ಟಣದಲ್ಲಿ ರೈಲು ಬದಲಿಸಿದಿರಲ್ಲ, ಅಲ್ಲಿಂದ ಹೊರಟ ಮೇಲೆ ಎಡಗಡೆ ಬೆಟ್ಟ ನೋಡಿದಿರಾ? ಯಾರೂ ನೋಡುವುದಿಲ್ಲ. ಎಲ್ಲರಿಗೂ ಬಲಗಡೆ ಕಿಟಕಿ ಸೀಟೇ ಬೇಕು.

ಆ ಎಡಗಡೆ ಬೆಟ್ಟದ ಮೇಲಿರುವ ಊರು ವಿಸ್ಪರ್‌ಟರ್ಮಿನೆನ್. ಊರು ಇರುವುದು ಸುಮಾರು 1,370 ಮೀಟರ್ ಎತ್ತರದಲ್ಲಿ, ದ್ರಾಕ್ಷಿ ತೋಟ ಅದರ ಕೆಳಗೆ, 650ರಿಂದ 1,150 ಮೀಟರ್‌ವರೆಗೆ. ಅಂದರೆ ಇಲ್ಲಿಯವರು ತೋಟಕ್ಕೆ ಇಳಿದು ಹೋಗುತ್ತಾರೆ, ದಣಿದು ಹತ್ತಿ ಬರುತ್ತಾರೆ. ಯುರೋಪಿನಲ್ಲೇ ಅತಿ ಎತ್ತರದ ದ್ರಾಕ್ಷಿ ತೋಟ ಅಂತ ಹೇಳಿಕೊಳ್ಳುವುದುಂಟು. ಇದಕ್ಕಿಂತ ಎತ್ತರದಲ್ಲಿ ದ್ರಾಕ್ಷಿ ಬೆಳೆಯುವ ಸೈಪ್ರಸ್‌ನವರು ಸುಮ್ನೆ ಕೇಳಿಸಿಕೊಂಡು ಕೂರುತ್ತಾರಾ? ಆ ಜಗಳ ನಮಗೆ ಬೇಡ.

ನಾನು ಹೇಳಬೇಕಾದ್ದು ಒಂದೇ. ಒಳ್ಳೆಯ ವೈನ್ ಅಂದ ಕೂಡಲೇ ಮಣ್ಣು, ಬಿಸಿಲು, ಹವೆ ಅಂತ ಶುರು ಮಾಡುತ್ತಾರೆ, ಎಲ್ಲ ಪ್ರಕೃತಿಯೇ ಕೊಟ್ಟ ಹಾಗೆ. ಇಲ್ಲಿ ಪ್ರಕೃತಿ ಕೊಟ್ಟದ್ದು ಕಡಿದಾದ ಒಂದು ಬಂಡೆ, ಅಷ್ಟೆ. ಮಣ್ಣು ನಿಲ್ಲುವುದೇ ಗೋಡೆಯಿಂದ. ಗಾರೆ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗೋಡೆ. ಹಗಲು ಬಿಸಿಲು ಕುಡಿದ ಕಲ್ಲು ರಾತ್ರಿ ಬಳ್ಳಿಗೆ ಕಾವು ಕೊಡುತ್ತದೆ, ನೀರು ಹೆಚ್ಚಾದರೆ ಸಂದಿಯಿಂದ ಸೋರಿ ಹೋಗುತ್ತದೆ. ಹಿಂದಿನ ಮಣ್ಣಿನ ಭಾರಕ್ಕೆ ವರ್ಷ ಕಳೆದ ಹಾಗೆ ಗೋಡೆ ಹೊಟ್ಟೆ ಬಿಡುತ್ತದೆ. ಆಗ ಅಷ್ಟುದ್ದ ಬಿಚ್ಚಿ, ಕಲ್ಲು ಆರಿಸಿ, ಮತ್ತೆ ಕಟ್ಟಬೇಕು. ಈ ಕಸುಬನ್ನು ಯುನೆಸ್ಕೋ 2018ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸರ್ಟಿಫಿಕೇಟ್ ಬಂದರೂ ಕಲ್ಲು ಹೊರುವವರು ಬೇಕಲ್ವಾ?

ಇನ್ನು ನೀರು. ಆಲ್ಪ್ಸ್ ಅಂದರೆ ಮಳೆ, ಹಸಿರು, ಹಸು ಅಂದುಕೊಂಡಿರುತ್ತೇವೆ. ಆದರೆ ಈ ಕಣಿವೆಯ ಎರಡೂ ಕಡೆ 4,000 ಮೀಟರ್ ದಾಟಿದ ಶಿಖರಗಳು ಮೋಡವನ್ನು ತಡೆಯುತ್ತವೆ. ವಿಸ್ಪ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದಕ್ಕೇ ಈ ಊರಿರುವ ವಾಲೇ ಕ್ಯಾಂಟನ್ (ನಮ್ಮ ರಾಜ್ಯ ಇದ್ದ ಹಾಗೆ) ತುಂಬ ಕಾಲುವೆಗಳು. ಹಿಮನದಿಯ ನೀರನ್ನು ಬೆಟ್ಟದ ಅಂಚಲ್ಲೇ ಹರಿಸಿ ತರುತ್ತಾರೆ, ಬಂಡೆ ಅಡ್ಡ ಬಂದರೆ ಅದಕ್ಕೆ ಮರದ ತೊಟ್ಟಿ ನೇತುಹಾಕಿ ದಾಟಿಸುತ್ತಾರೆ. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ ಹಾಗೆ ಅಲ್ಲೂ ಕಾಲುವೆ ಕಾಯುವವನಿದ್ದ. ಅವನ ಉಪಾಯ ನೋಡಿ: ನೀರಿನ ರಭಸಕ್ಕೆ ತಿರುಗುವ ಒಂದು ಚಕ್ರ, ಅದಕ್ಕೆ ಮರದ ಸುತ್ತಿಗೆ. ಟಕ್ ಟಕ್ ಅಂತಿದ್ದರೆ ನೀರು ಹರಿಯುತ್ತಿದೆ. ಸದ್ದು ನಿಂತರೆ ಎಲ್ಲೋ ಕಲ್ಲು ಬಿದ್ದಿದೆ, ಎದ್ದು ಓಡಬೇಕು. ನಾವೆಲ್ಲ ಸದ್ದಾದರೆ ಎಚ್ಚರ ಆಗುವವರು, ಅವನು ಸದ್ದು ನಿಂತರೆ! ಯಾರ ಮನೆಗೆ ಎಷ್ಟು ಹೊತ್ತು ನೀರು ಅನ್ನುವುದನ್ನು ಮರದ ಕಡ್ಡಿಗಳ ಮೇಲೆ ಗೀರು ಹಾಕಿ ಇಡುತ್ತಿದ್ದರು. ಓದು ಬರದಿದ್ದರೂ ಲೆಕ್ಕ ತಪ್ಪುತ್ತಿರಲಿಲ್ಲ.

ಈ ಸೀಮೆಯ ಸಂತ ಥಿಯೋಡುಲ್, ಊರವರ ಬಾಯಲ್ಲಿ ಯೋಡರ್ನ್. ನಿಜವಾಗಿ ಇದ್ದ ಮನುಷ್ಯ, ವಾಲೇಯ ಮೊದಲ ಬಿಷಪ್, 381ರಲ್ಲಿ ಅಕ್ವಿಲೇಯದ ಧರ್ಮಸಭೆಗೆ ಹೋಗಿದ್ದವರು. ಉಳಿದದ್ದು ಕತೆ. ಪೋಪ್ ಅವರಿಗೆ ಒಂದು ದೊಡ್ಡ ಗಂಟೆ ಕೊಟ್ಟರಂತೆ. ರೋಮಿನಿಂದ ಆಲ್ಪ್ಸ್ ದಾಟಿಸಿ ತರುವುದು ಹೇಗೆ? ಸೈತಾನನ ತಲೆ ಮೇಲೆ ಹೊರಿಸಿದರಂತೆ! ಚಿತ್ರಗಳಲ್ಲೂ ಹಾಗೇ, ಸಂತರು ಗಂಭೀರವಾಗಿ ನಿಂತಿರುತ್ತಾರೆ, ಕಾಲ ಬಳಿ ಗಂಟೆ ಹೊತ್ತ ಸೈತಾನ ಏದುಸಿರು ಬಿಡುತ್ತಿರುತ್ತಾನೆ. ಕೂಲಿ ಕೊಟ್ಟರೋ ಇಲ್ಲವೋ, ಅದನ್ನು ಯಾರೂ ಬರೆದಿಲ್ಲ. ಇನ್ನೊಂದು ಕತೆ, ಬೆಳೆ ಕೈಕೊಟ್ಟ ವರ್ಷ ಖಾಲಿ ಪೀಪಾಯಿಗಳಿಗೆಲ್ಲ ಒಂದಿಷ್ಟು ದ್ರಾಕ್ಷಿ ಹಿಂಡಿದರು, ಎಲ್ಲವೂ ತುಂಬಿದವು. ದ್ರಾಕ್ಷಿ ಬೆಳೆಯುವವರ ಸಂತ ಆಗಲು ಇಷ್ಟು ಸಾಕಲ್ಲ? ಆದರೆ ಗೋಡೆ ಕಟ್ಟಿಕೊಟ್ಟ ಸಂತರ ಕತೆ ಒಂದೂ ಇಲ್ಲ ನೋಡಿ. ಅದನ್ನು ಊರವರೇ ಮಾಡಬೇಕಾಯಿತು.

ಸಮಯ ಆಯಿತು ಅಂತ ಚೀಟಿ ಬಂತು. ಬೇಗ ಮುಗಿಸುತ್ತೇನೆ. ಆಸ್ತಿ ಮಕ್ಕಳಿಗೆಲ್ಲ ಸಮಪಾಲು, ಹಾಗಾಗಿ ತುಂಡುಗಳು ಚಿಕ್ಕದಾಗುತ್ತಾ ಹೋದವು, ಅಷ್ಟರಲ್ಲೇ ಹೊಟ್ಟೆ ತುಂಬುವುದಿಲ್ಲ. ಕೆಳಗೆ ವಿಸ್ಪ್‌ನಲ್ಲಿ ಲೋನ್ಜಾ ಕಂಪನಿಯ ರಾಸಾಯನಿಕ ಕಾರ್ಖಾನೆ ಬಂತು, ಮೊಡೆರ್ನಾದ ಕೋವಿಡ್ ಲಸಿಕೆಯ ಮೂಲವಸ್ತು ತಯಾರಾದದ್ದೂ ಅಲ್ಲೇ. ಶಿಫ್ಟ್ ಮುಗಿಸಿ ಬಂದು ಬಳ್ಳಿ ಕತ್ತರಿಸುವ ಅರೆ ರೈತರಿಂದಲೇ ಗೋಡೆ ಉಳಿಯಿತು ಅಂತ ನನ್ನ ವಾದ. ಚೂರುಪಾರು ತೋಟದವರ ದ್ರಾಕ್ಷಿ ಸೇರಿಸಿ ವೈನ್ ಮಾಡಲು ಆಮೇಲೆ ಊರವರದೇ ಸಹಕಾರಿ ಸಂಘ ಆಯಿತು. ಹೆಸರು ಅದೇ ಸಂತರದು.

ಹಿಂದಿನ ಸಾಲಲ್ಲಿ ಕೈ ಎತ್ತಿದವರೇ, ನಿಮ್ಮ ಪ್ರಶ್ನೆ ಗೊತ್ತು: ಯಾವ ದ್ರಾಕ್ಷಿ, ವೈನ್ ಹೇಗಿರುತ್ತದೆ, ತಂದಿದ್ದೀರಾ? ದ್ರಾಕ್ಷಿಯ ಹೆಸರು ಹೈಡಾ, ಫ್ರಾನ್ಸಿನ ಜೂರಾ ಸೀಮೆಯಲ್ಲಿ ಬೆಳೆಯುವ ಸಾವಾನ್ಯಾಂ ಕೂಡ ಇದೇ ತಳಿ. ವೈನ್ ಬಿಳಿಯದು, ಸಿಹಿ ಇಲ್ಲ, ಹುಳಿ ಚೆನ್ನಾಗಿದೆ. ಕರಗಿಸಿದ ಚೀಸ್ ಜೊತೆ ಕುಡಿಯುತ್ತಾರೆ. ಇಲ್ಲ ಸ್ವಾಮಿ, ಇವತ್ತು ತಂದಿಲ್ಲ. ಹೊರಗೆ ಕಾಫಿ ಇದೆಯಂತೆ.