ತಾಲ್ಲೂಕಿನ ಸರಾಸರಿಯಲ್ಲಿ ತಾಂಡಾ ಎಲ್ಲಿ?

ನಮಸ್ಕಾರ. ಬೆಂಗಳೂರು ದಕ್ಷಿಣ ತಾಲ್ಲೂಕಿಗೆ ಅಂಟಿಕೊಂಡೇ ಇತ್ತು ಕನಕಪುರ ತಾಲ್ಲೂಕು. 2002ರಲ್ಲಿ, ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ಬೆಂಗಳೂರು ದಕ್ಷಿಣ ರಾಜ್ಯದ ಮುಂಚೂಣಿಯಲ್ಲಿತ್ತು. ಕನಕಪುರ? 'ಅತ್ಯಂತ ಹಿಂದುಳಿದ' 39 ತಾಲ್ಲೂಕುಗಳ ಪಟ್ಟಿಯಲ್ಲಿ! ರಾಜಧಾನಿ ಪಕ್ಕದ ಊರಿಗೆ ಏನು ಕಡಿಮೆ ಅಂದುಕೊಂಡಿದ್ದವರಿಗೆ ಅದು ಸರಿಯಾದ ಉತ್ತರ.

ಆಗಿದ್ದ 175 ತಾಲ್ಲೂಕುಗಳನ್ನು ಸಮಿತಿ 35 ಸೂಚಕ ಇಟ್ಟು ಅಳೆಯಿತು. 114 ಹಿಂದುಳಿದಿವೆ ಅಂತ ಹೇಳಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ಯೋಜನೆ ಹಾಕಿಕೊಟ್ಟಿತು. ಅಳತೆ ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದದ್ದು ದೊಡ್ಡ ಕೆಲಸವೇ. ಆದರೆ ನಾವು ಅಲ್ಲೇ ನಿಂತುಬಿಟ್ಟೆವು. ತಾಲ್ಲೂಕುಗಳೇ ಈಗ 230 ದಾಟಿವೆ, ಹಳೇ ಪಟ್ಟಿಯ ಹೆಸರು ಹೇಳಿ ಇನ್ನೂ ಅನುದಾನ ಕೇಳುತ್ತೇವೆ.

ರಾಯಚೂರು ಕಡೆ ಬನ್ನಿ. ತುಂಗಭದ್ರಾ ಎಡದಂಡೆ ಕಾಲುವೆ. ಮೇಲ್ಭಾಗದಲ್ಲಿ ಭತ್ತದ ಗದ್ದೆ, ರೈಸ್ ಮಿಲ್ಲು. ಕೊನೆ ಭಾಗದ ರೈತರು ನೀರು ಬಿಡಿ ಅಂತ ರಸ್ತೆಗೆ ಕೂರುತ್ತಾರೆ. ಒಂದೇ ತಾಲ್ಲೂಕಿನೊಳಗೂ ಈ ಎರಡು ಲೋಕ ಇರಬಹುದು. ಸರಾಸರಿ ತೆಗೆದರೆ ಮಿಲ್ಲಿನವನ ಲೆಕ್ಕ ಒಣ ಹೊಲದವನನ್ನು ಮುಚ್ಚಿಹಾಕುತ್ತದೆ.

ಹಾಗಾಗಿ ಬಡತನದ ನಕ್ಷೆ ಗ್ರಾಮ ಪಂಚಾಯಿತಿವರೆಗೆ, ಅದರೊಳಗಿನ ತಾಂಡಾ, ಕೇರಿ, ದೊಡ್ಡಿಗಳವರೆಗೆ ಇಳಿಯಬೇಕು ಅಂತ ನನ್ನ ವಾದ. ಆರೋಗ್ಯ, ಶಿಕ್ಷಣ, ಜೀವನಮಟ್ಟ ನೋಡಿ ಬಡತನ ಅಳೆಯುವ ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕ ಇದೆಯಲ್ವಾ? 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಮೇಲೆ ನಿಂತಿದೆ. ಅದು ಮನೆಮನೆ ಗಣತಿ ಅಲ್ಲ, ಸ್ಯಾಂಪಲ್. ಜಿಲ್ಲೆ ಮಟ್ಟಕ್ಕೆ ಸರಿ, ಒಂದು ಪಂಚಾಯಿತಿಯ ಗತಿ ಅದರಲ್ಲಿ ಸಿಗುವುದಿಲ್ಲ. ಇಂಥ ಸ್ಯಾಂಪಲ್ ಸಮೀಕ್ಷೆಯನ್ನು ಜನಗಣತಿ ಜೊತೆ ಜೋಡಿಸಿ ಸಣ್ಣ ಪ್ರದೇಶದ ಅಂದಾಜು ತೆಗೆಯುವ ವಿಧಾನ ಇದೆ. ಆದರೆ ನಮ್ಮ ಕೈಲಿರುವ ಜನಗಣತಿ 2011ರದ್ದು!

ಇನ್ನು ಗುಳೆ. ಮುಂಗಾರು ಬೆಳೆ ಮುಗಿದ ಮೇಲೆ ಯಾದಗಿರಿ, ರಾಯಚೂರಿನ ತಾಂಡಾಗಳಲ್ಲಿ ಬಾಗಿಲಿಗೆ ಬೀಗ. ಗಂಡ ಹೆಂಡತಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ, ಪುಣೆಗೋ ಹೋಗಿರುತ್ತಾರೆ. ಇಬ್ಬರು ಮಕ್ಕಳು ಇನ್ನೊಂದು ಮನೆಯಲ್ಲಿರುವ ಅಜ್ಜಿಯ ಹತ್ತಿರ. ಸಮೀಕ್ಷೆಯವರು ಆಗ ಬಂದರೆ 'ಮನೆ ಬೀಗ' ಅಂತ ಬರೆದು ಮುಂದೆ ಹೋಗುತ್ತಾರೆ. ಯಾರನ್ನು ಹುಡುಕಿ ಬಂದರೋ ಅವರೇ ಲೆಕ್ಕದಿಂದ ಹೊರಗೆ.

ಮುಂದಿನ ಜನಗಣತಿಯ ತಲೆ ಎಣಿಕೆ ಇಟ್ಟಿರುವುದು 2027ರ ಫೆಬ್ರವರಿಗೆ. ಗುಳೆ ಜೋರಿರುವ ತಿಂಗಳು ಅದು. ಆ ಜನ ಬೆಂಗಳೂರಿನ ಶೆಡ್ಡಿನಲ್ಲಿ ಎಣಿಕೆಗೆ ಸಿಕ್ಕರೂ ಊರಿನ ಬಡತನದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಬಿತ್ತನೆಗೆ ಎಲ್ಲರೂ ವಾಪಸ್ ಬಂದಾಗ ಗ್ರಾಮಸಭೆ ಕರೆಯಿರಿ. ಯಾವ ಮನೆಗೆ ಎಷ್ಟು ತಿಂಗಳು ಬೀಗ ಇತ್ತು ಅಂತ ಪಂಚಾಯಿತಿ ಬರೆದಿಟ್ಟುಕೊಳ್ಳಲಿ, ಆ ಪಟ್ಟಿಯನ್ನು ಎಲ್ಲರ ಮುಂದೆ ಓದಲಿ. ಅದಕ್ಕೆ ಇನ್ನೊಂದು ಸಮಿತಿ ಬೇಕಿಲ್ಲ.